ಗುಲಾಬಿ ಬೋಳಾದ ಬೆಳಿಗ್ಗೆಯಿಂದ: ಮನೆ ತೋಟಕ್ಕೆ ಜಿಂಕೆ ಬಂದ ಒಂದು ಪ್ರಕರಣ

ನಮ್ಮ ಬೀದಿಲಿ ಇರೋದು 14 ಮನೆ. ಬೀದಿ ಮುಗಿಯೋ ಕಡೆ ನಮ್ದು, ಹಿಂದುಗಡೆ ಒಂದು ಸಣ್ಣ ಹಳ್ಳ, ಹಳ್ಳದ ಆಚೆಗೆ ಕುರುಚಲು ಕಾಡು. ಮನೆ ಹಿಂದಿನ ಜಾಗದಲ್ಲಿ ಐದಾರು ವರ್ಷದಿಂದ ಒಂದೊಂದೇ ಗಿಡ ಸೇರಿಸ್ತಾ ಬಂದಿದ್ವಿ. ಗುಲಾಬಿ 9 ಗಿಡ, ದಾಸವಾಳ ಬೇಲಿ ಉದ್ದಕ್ಕೂ, ಒಂದು ಮೂಲೆಲಿ ಬೀನ್ಸು ಸೊಪ್ಪು ಅಂತ ತರಕಾರಿ ಮಡಿ, ಸೂರ್ಯಕಾಂತಿ ಒಂದು ಸಾಲು, ಮಧ್ಯದಲ್ಲಿ ಹೊಸದಾಗಿ ಹಾಕಿದ್ದ ಎರಡು ಎಳೇ ಹಣ್ಣಿನ ಮರ. ಇಲ್ಲಿ ಬರೀತಿರೋದು ಆ ತೋಟಕ್ಕೆ ಜಿಂಕೆಗಳು ಬರೋಕೆ ಶುರುವಾದ ದಿನದಿಂದ ಹೆಚ್ಚುಕಮ್ಮಿ ಒಂದೂವರೆ ವರ್ಷ ಏನೇನಾಯ್ತು, ನಾವು ಏನೇನು ಮಾಡಿದ್ವಿ, ಯಾವುದು ಕೆಲಸಕ್ಕೆ ಬಂತು ಯಾವುದು ಬರ್ಲಿಲ್ಲ ಅನ್ನೋದು. ಇದೇ ಪಾಡು ಪಡ್ತಿರೋರು ತುಂಬ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಬಿಡದೆ ಬರೀತಿದೀನಿ.

ಮೊದಲ್ನೇ ದಿನ ನಮಗೆ ಜಿಂಕೆ ಅಂತ ಹೊಳೀಲೇ ಇಲ್ಲ. ಬೆಳಿಗ್ಗೆ ನೀರು ಹಾಕೋಕೆ ಹೋದ್ರೆ 9 ಗುಲಾಬಿಲಿ 6ರ ಚಿಗುರು, ಮೊಗ್ಗು ಎಲ್ಲ ಮಾಯ, ಬರೀ ಮುಳ್ಳಿನ ಕಡ್ಡಿ ನಿಂತಿದೆ. ಮೊಲ ಇರ್ಬೇಕು ಅಂತ ನಮ್ಮನೆಯವರು ಅಂದ್ರು, ನಾನೂ ಹೂಂ ಅಂದೆ. ಆದ್ರೆ ಕೂತ್ಕೊಂಡು ಒಂದು ಕಡ್ಡಿ ಹತ್ತಿರದಿಂದ ನೋಡಿದಾಗ ಏನೋ ಸರಿ ಅನಿಸ್ಲಿಲ್ಲ, ತುದಿ ಕತ್ತರಿಸಿದ ಹಾಗೆ ಇರ್ಲಿಲ್ಲ, ಕಿತ್ತ ಹಾಗಿತ್ತು, ಹಸಿರು ಸಿಪ್ಪೆ ನಾರುನಾರಾಗಿ ಕೆಳಗಡೆ ಜೋತಾಡ್ತಿತ್ತು. ಮೊಲಕ್ಕೆ ಮೇಲೆ ಕೆಳಗೆ ಎರಡೂ ಕಡೆ ಮುಂದಿನ ಹಲ್ಲು ಇರುತ್ತೆ, ಅದು ಕಚ್ಚಿದ್ರೆ ಕತ್ತರಿಲಿ ಓರೆಯಾಗಿ ಕತ್ತರಿಸಿದ ಹಾಗೆ ನೀಟಾಗಿರುತ್ತೆ, ಜೊತೆಗೆ ನೆಲದಿಂದ ಎರಡಡಿ ಒಳಗೇ ಇರುತ್ತೆ. ಜಿಂಕೆಗೆ ಮೇಲ್ದವಡೆ ಮುಂಭಾಗದಲ್ಲಿ ಹಲ್ಲೇ ಇಲ್ಲ, ಅಲ್ಲಿರೋದು ಗಟ್ಟಿ ಒಸಡು, ಕೆಳಗಿನ ಹಲ್ಲನ್ನ ಅದಕ್ಕೆ ಒತ್ತಿ ಹಿಡಿದು ತಲೆ ಎಳೆದು ಕೀಳುತ್ತೆ. ಅದಕ್ಕೇ ಆ ನಾರು. ನಮ್ಮ ಗಿಡದಲ್ಲಿ ತಿಂದಿದ್ದು ಎದೆ ಎತ್ತರದ ತನಕ ಇತ್ತು. ಮಡಿ ಪಕ್ಕದ ಒದ್ದೆ ಮಣ್ಣಲ್ಲಿ ನೋಡಿದ್ರೆ ಎರಡು ಸೀಳಾಗಿರೋ ಗೊರಸಿನ ಗುರುತು, ಮುಂದುಗಡೆ ಚೂಪು. ಅಲ್ಲಿಗೆ ಅನುಮಾನ ಮುಗೀತು.

ಮೂರು ದಿನ ಆದ್ಮೇಲೆ ಕಣ್ಣಾರೆ ನೋಡಿದೆ. ಇನ್ನೂ ಪೂರ್ತಿ ಬೆಳಕಾಗಿರ್ಲಿಲ್ಲ, ಅಡುಗೆಮನೆ ಕಿಟಕಿ ಹತ್ರ ಲೈಟ್ ಹಾಕದೆ ನಿಂತಿದ್ದೆ, ಕಿಟಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ ಗುಲಾಬಿ ಗಿಡದ ಮುಂದೆ. ನಾಲಿಗೆ ಹೊರಗೆ ಹಾಕಿ ಮುಳ್ಳಿನ ಸಂದೀಲಿ ಒಂದೊಂದೇ ಚಿಗುರನ್ನ ಸುತ್ತಿ ಎಳ್ಕೊತಿತ್ತು, ಅವಸರ ಇಲ್ಲ, ಪ್ರತಿ ಎರಡು ಬಾಯಿಗೆ ಒಂದ್ಸಲ ತಲೆ ಎತ್ತಿ ಕಿವಿ ಒಂದನ್ನ ಮನೆ ಕಡೆ, ಇನ್ನೊಂದನ್ನ ಹಳ್ಳದ ಕಡೆ ತಿರುಗ್ಸಿ ಕೇಳಿಸ್ಕೊಳ್ಳೋದು, ಮತ್ತೆ ತಿನ್ನೋದು. ಹಳೇ ಎಲೆ ಮುಟ್ಟಲೇ ಇಲ್ಲ. ಬೇಜಾರೂ ಆಯ್ತು, ಕಣ್ಣು ತೆಗೆಯೋಕೂ ಆಗ್ಲಿಲ್ಲ, ಎರಡೂ ನಿಜ. ಈ ಎರಡು ಭಾವನೆ ಒಟ್ಟಿಗೇ ಇದ್ದಿದ್ರಿಂದಲೇ ಆಮೇಲಿನ ತೀರ್ಮಾನಗಳೆಲ್ಲ ಆ ದಾರಿ ಹಿಡಿದ್ವು ಅನ್ಸುತ್ತೆ.

ಹಳೇದು ಬಿಟ್ಟು ಚಿಗುರೇ ಯಾಕೆ ತಿಂತು ಅನ್ನೋದು ಮುಖ್ಯ. ಜಿಂಕೆ ಮೆಲುಕು ಹಾಕೋ ಪ್ರಾಣಿ, ಹೊಟ್ಟೇಲಿ ನಾಲ್ಕು ಭಾಗ, ಆದ್ರೂ ಹಸುವಿನ ಥರ ಒಣ ಹುಲ್ಲು ಗುಡ್ಡೆಗಟ್ಟಲೆ ತಿಂದು ಬದುಕೋದು ಅದಕ್ಕೆ ಕಷ್ಟ, ಬೇಗ ಜೀರ್ಣ ಆಗೋ, ಸಾರ ಜಾಸ್ತಿ ಇರೋ ಎಳೇದನ್ನೇ ಆರಿಸ್ಕೊಂಡು ತಿನ್ನುತ್ತೆ. ಕಾಡಲ್ಲಿ ಬೇಸಿಗೆ ಮುಗಿಯೋ ಹೊತ್ತಿಗೆ ಎಲ್ಲ ಬಲಿತು ಗಟ್ಟಿಯಾಗಿರುತ್ತೆ, ನಾವಿಲ್ಲಿ ದಿನಾ ನೀರು ಹಾಕಿ, ಗೊಬ್ಬರ ಹಾಕಿ, ಚಾಟ್ನಿ ಮಾಡಿ ಮಾಡಿ ಚಿಗುರು ಬರಿಸ್ತಿರ್ತೀವಿ. ಅಮೆರಿಕದ ಬಿಳಿ ಬಾಲದ ಜಿಂಕೆಯಂಥ ದೊಡ್ಡ ಜಾತಿ ಆದ್ರೆ ದಿನಕ್ಕೆ ಎರಡು ಮೂರು ಕೆಜಿ ಸೊಪ್ಪು ಸಲೀಸಾಗಿ ತಿನ್ನುತ್ತೆ. ನಮ್ಮನೆ ತೋಟ ಎಷ್ಟು ದಿನ ತಡೆಯುತ್ತೆ ಲೆಕ್ಕ ಹಾಕಿ.

ಈಗ ಮೊದಲ ಎರಡು ತಿಂಗಳು ಮಾಡಿದ್ದು. ಯಾರು ಏನು ಹೇಳಿದ್ರೂ ಮಾಡಿದ್ವಿ. ಸೋಪು ತುಂಡು ದಾರಕ್ಕೆ ಕಟ್ಟಿ ಗಿಡಗಿಡಕ್ಕೂ ನೇತು ಹಾಕಿದ್ವಿ, ಕ್ಷೌರದ ಅಂಗಡಿಯಿಂದ ಕೂದಲು ತಂದು ಬುಡಕ್ಕೆ ಹಾಕಿದ್ವಿ, ಹಳೇ ಸಿಡಿ ಕಟ್ಟಿದ್ವಿ, ರಾತ್ರಿ ರೇಡಿಯೋ ಇಟ್ವಿ, ಯಾರಾದ್ರೂ ಹತ್ರ ಬಂದ್ರೆ ತಾನೇ ಉರಿಯೋ ಸೆನ್ಸರ್ ಲೈಟ್ ಹಾಕಿಸಿದ್ವಿ. ಎಲ್ಲದರ ಕಥೆನೂ ಒಂದೇ, ಮೂರ್ನಾಲ್ಕು ದಿನ ಬರ್ಲಿಲ್ಲ, ಐದನೇ ದಿನ ದೂರ ನಿಂತು ನೋಡಿ ಹೋದ್ವು, ಎರಡನೇ ವಾರಕ್ಕೆ ಆ ಲೈಟ್ ಬೆಳಕಲ್ಲೇ ನಿಂತು ತಿಂದ್ವು. ಅಪಾಯ ಅಂತ ಅನಿಸಿದ್ದು ತನಗೇನೂ ಮಾಡಲ್ಲ ಅಂತ ಗೊತ್ತಾದ್ರೆ ಜಿಂಕೆ ಅದನ್ನ ಲೆಕ್ಕಕ್ಕೆ ಇಡಲ್ಲ. ಕಿವಿಗೆ ಕೇಳಿಸದ ಶಬ್ದ ಬಿಡುತ್ತೆ ಅಂತ ಮಾರೋ ಅಲ್ಟ್ರಾಸಾನಿಕ್ ಡಬ್ಬಿನೂ ತಂದಿದ್ವಿ, ಅದು ಒಂದು ದಿನಾನೂ ಉಪಯೋಗಕ್ಕೆ ಬರ್ಲಿಲ್ಲ, ಪರೀಕ್ಷೆ ಮಾಡಿ ನೋಡಿದವರೂ ಅದರಿಂದ ಪ್ರಯೋಜನ ಇಲ್ಲ ಅಂತಲೇ ಹೇಳಿದ್ದಾರೆ, ದುಡ್ಡು ಹಾಕ್ಬೇಡಿ.

ಜಿಂಕೆ ತಿನ್ನದ ಹಾಗೆ ಎಲೆಗೆ ಹೊಡೆಯೋ ಸ್ಪ್ರೇನೂ ಆಗ್ಲೇ ಒಂದ್ಸಲ ಹೊಡೆದು ಬಿಟ್ಟಿದ್ವಿ. ಒಂದ್ಸಲ ಮಾತ್ರ. ಅದೇ ತಪ್ಪು, ಅದರ ಬಗ್ಗೆ ಮುಂದೆ ಹೇಳ್ತೀನಿ.

ಇನ್ನು ಬಲೆ. ಇದು ನಾನು ಬರೆಯಲೇಬೇಕಾದ ವಿಷಯ, ಯಾಕಂದ್ರೆ ಇದನ್ನ ಓದಿ ಒಬ್ರಾದ್ರೂ ಆ ತಪ್ಪು ಮಾಡದೆ ಇದ್ರೆ ಸಾಕು. ಬೀನ್ಸ್ ಉಳಿಸೋಕೆ ಅಂತ ತೆಳ್ಳಗಿನ ನೈಲಾನ್ ಹಕ್ಕಿ ಬಲೆ ತಂದು ನಾಲ್ಕು ಕಡ್ಡಿ ಮೇಲೆ ಹಾಗೇ ಸಡಿಲವಾಗಿ ಹೊದ್ದಿಸಿದ್ದೆ. ಒಂದು ಬೆಳಿಗ್ಗೆ ದಬದಬ ಅಂತ ಸದ್ದು, ಹೋಗಿ ನೋಡಿದ್ರೆ ಎಳೇ ಗಂಡು ಜಿಂಕೆ, ಕೊಂಬಿಗೆ ಬಲೆ ಸಿಕ್ಕಾಕೊಂಡು ಕಡ್ಡಿ ಸಮೇತ ಎಳ್ಕೊಂಡು ಸುತ್ತುತ್ತಾ ಇದೆ, ಬಾಯಲ್ಲಿ ನೊರೆ, ಒಂದು ಕಣ್ಣಿನ ಮೇಲೆ ಬಲೆ ಬಿಗಿದು ರೆಪ್ಪೆ ಮಡಚಿಕೊಂಡಿದೆ. ಹತ್ರ ಹೋದಷ್ಟೂ ಇನ್ನೂ ಗಾಬರಿಯಾಗಿ ಒದರ್ತಿತ್ತು. ಹತ್ರ ಹೋಗೋದು ನಿಲ್ಸಿ, ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ, ನಾವು ಒಳಗೆ ಹೋಗಿ ಪರದೆ ಎಳೆದು ಕೂತ್ವಿ. ಅವರು ಬಂದು ತಲೆ ಮೇಲೆ ಬಟ್ಟೆ ಹಾಕಿ ಹಿಡಿದು ಬಲೆ ಕತ್ತರಿಸಿದ್ರು, ಐದು ನಿಮಿಷದ ಕೆಲಸ, ಆದ್ರೆ ಅವರು ಬರೋ ತನಕದ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಬಿಟ್ಟ ತಕ್ಷಣ ಎದ್ದು ಹಳ್ಳ ಹಾರಿ ಹೋಯ್ತು. ಅವತ್ತೇ ಸಡಿಲ ಬಲೆ ಎಲ್ಲ ಕಿತ್ತು ಹಾಕ್ದೆ. ಬಲೆ ಹಾಕೋದಾದ್ರೆ ಗಟ್ಟಿ ಮೆಶ್ ಇರ್ಬೇಕು, ಬಿಗಿಯಾಗಿ ಎಳೆದು ಕಟ್ಟಿರ್ಬೇಕು, ಜೋತಾಡೋದು ಯಾವುದೂ ಇರ್ಬಾರ್ದು. ಹಾಗೇ ಮೇಲ್ಗಡೆ ಭರ್ಜಿ ಥರ ಚೂಪು ಇರೋ ಕಬ್ಬಿಣದ ಬೇಲಿ ಇದ್ರೂ ಅಷ್ಟೇ, ಹಾರೋವಾಗ ಹೊಟ್ಟೆಗೆ ಚುಚ್ಚಿ ಸಾಯುತ್ತವೆ.

ಅದೇ ವಾರ ಇನ್ನೊಂದು ನಷ್ಟ. ಎರಡು ಎಳೇ ಮರದಲ್ಲಿ ಒಂದರ ಕಾಂಡದ ತೊಗಟೆ ಮೊಣಕಾಲು ಎತ್ತರದಿಂದ ಸೊಂಟದ ತನಕ ಸುಲಿದು ಹೋಗಿತ್ತು. ತಿಂದಿದ್ದಲ್ಲ, ಉಜ್ಜಿದ್ದು. ಹೊಸ ಕೊಂಬು ಬೆಳೆಯೋವಾಗ ಅದರ ಮೇಲೆ ಮಖಮಲ್ಲಿನ ಥರ ಚರ್ಮ ಇರುತ್ತೆ, ಕೊಂಬು ಬಲಿತ ಮೇಲೆ ಅದು ಒಣಗುತ್ತೆ, ಅದನ್ನ ಉದುರ್ಸೋಕೂ, ಈ ಜಾಗ ನಂದು ಅಂತ ವಾಸನೆ ಹಚ್ಚೋಕೂ ಗಂಡು ಜಿಂಕೆ ಎಳೇ ಮರಕ್ಕೆ ತಿಕ್ಕುತ್ತೆ. ತೊಗಟೆ ಕಾಂಡದ ಸುತ್ತ ಪೂರ್ತಿ ಹೋದ್ರೆ ಎಲೆಲಿ ತಯಾರಾದ ಆಹಾರ ಬೇರಿಗೆ ಇಳಿಯೋ ದಾರಿನೇ ಕಟ್, ಮರ ಉಳಿಯಲ್ಲ. ನಮ್ಮದರಲ್ಲಿ ಒಂದು ಪಕ್ಕದ ಮೂರು ಬೆರಳಗಲ ಉಳ್ಕೊಂಡಿತ್ತು, ಆ ಮೂರು ಬೆರಳಿನ ಮೇಲೆ ಮರ ಬದುಕ್ತು. ಆಮೇಲೆ ಎರಡೂ ಮರಕ್ಕೆ ಕಾಂಡದಿಂದ ಸ್ವಲ್ಪ ದೂರ ಬಿಟ್ಟು ಗಟ್ಟಿ ತಂತಿ ಮೆಶ್ಶಿನ ಪಂಜರ ನಿಲ್ಸಿದ್ವಿ, ಎದೆಗಿಂತ ಮೇಲೆ ಬರೋ ಹಾಗೆ. ಇದು ಮೊದಲ ದಿನಾನೇ ಮಾಡಬೇಕಿತ್ತು. ಚಿಗುರು ಬೇಗ ಮತ್ತೆ ಬರುತ್ತೆ, ತೊಗಟೆ ಅಷ್ಟು ಸುಲಭವಾಗಿ ಬರಲ್ಲ.

ಇಷ್ಟಾದ್ಮೇಲೆ ನಾವು ಗಿಡ ನೋಡೋದು ಬಿಟ್ಟು ದಾರಿ ನೋಡೋಕೆ ಶುರು ಮಾಡಿದ್ವಿ. ಈ ಪ್ರಕರಣದಲ್ಲಿ ಎಲ್ಲ ಬದಲಾಗಿದ್ದು ಇಲ್ಲಿಂದ. ಹಿಂದಿನ ಬೇಲಿ ನಾಲ್ಕಡಿ, ಜಿಂಕೆ ಎಲ್ಲಿ ಬೇಕಾದ್ರೂ ಹಾರಬಹುದು ಅಂತ ಅಂದ್ಕೊಂಡಿದ್ವಿ. ಬೇಲಿ ಉದ್ದಕ್ಕೂ ಒಂದಡಿ ಅಗಲ ಮಣ್ಣು ಸಡಿಲ ಮಾಡಿ ಸಂಜೆ ಹೊತ್ತು ಕುಂಟೆ ಎಳೆದು ನುಣ್ಣಗೆ ಮಾಡಿ ಬಿಡ್ತಿದ್ದೆ, ಬೆಳಿಗ್ಗೆ ಹೆಜ್ಜೆ ಎಲ್ಲಿ ಬಿದ್ದಿದೆ ನೋಡೋದು. ಹತ್ತು ದಿನ ಮಾಡಿದ್ವಿ. ಹತ್ತರಲ್ಲಿ ಎಂಟು ದಿನ ಹೆಜ್ಜೆ ಬಿದ್ದಿದ್ದು ಒಂದೇ ಕಡೆ, ಅದೂ ಬೇಲಿ ಮೇಲಿಂದ ಅಲ್ಲ, ಕೆಳಗಿಂದ! ಹಳ್ಳದ ಕಡೆ ಮೂಲೆಲಿ ಮಳೆಗೆ ಮಣ್ಣು ಕೊಚ್ಚಿಹೋಗಿ ಬೇಲಿ ಕೆಳಗೆ ಸಂದು ಆಗಿತ್ತು, ಅಲ್ಲಿ ತಂತಿ ತುದೀಲಿ ಕಂದು ಕೂದಲು ಸಿಕ್ಕಿಕೊಂಡಿತ್ತು. ಹಾರೋ ಶಕ್ತಿ ಇದ್ರೂ ನುಸಿಯೋ ಸಂದು ಇದ್ರೆ ಜಿಂಕೆ ನುಸೀತವೆ, ಒಂದಡಿಗಿಂತ ಕಮ್ಮಿ ಸಂದಾದ್ರೂ ಸಾಕು. ಇನ್ನೊಂದು ವಿಷಯ, ಹೆಜ್ಜೆಗಳು ನಮ್ಮ ತೋಟಕ್ಕೆ ಅಂತ ಬಂದಿರ್ಲಿಲ್ಲ. ಸಂದಿಂದ ಬಂದು, ನಮ್ಮ ಮಡಿ ದಾಟಿ, ನೇರ ಎಡಗಡೆ ಮೂರನೇ ಮನೆಗೆ ಹೋಗ್ತಿದ್ವು. ನಮ್ಮದು ದಾರಿಲಿ ಸಿಗ್ತಿದ್ದ ತಿಂಡಿ ಅಷ್ಟೆ.

ಮೂರನೇ ಮನೇಲಿ ಇರೋದು ಒಬ್ರು ವಯಸ್ಸಾದ ಅಂಕಲ್, ಆಂಟಿ ತೀರಿಕೊಂಡು ಎರಡು ವರ್ಷ. ಅವರು ದಿನಾ ಬೆಳಿಗ್ಗೆ ಹಿಂದಿನ ಮೆಟ್ಟಿಲ ಹತ್ರ ಒಂದು ಬೋಗುಣಿ ತುಂಬ ಜೋಳ ಹಾಕ್ತಿದ್ರು. ನಾನು ಹೋಗಿ ಕೂತು ಮೊದಲು ನಮ್ಮ ಗುಲಾಬಿ ಮಾತೇ ಎತ್ಲಿಲ್ಲ, ಅವರೇ ಶುರು ಮಾಡಿದ್ರು, ನಿಮ್ಮನೆ ಕಡೆಯಿಂದಲೇ ಬರ್ತವೆ, ನೋಡಿದ್ಯೇನಮ್ಮ ಎಷ್ಟು ಚೆನ್ನಾಗಿವೆ ಅಂತ. "ಅಂಕಲ್, ನೀವು ಹಾಕೋ ಜೋಳ ಅವಕ್ಕೆ ಒಳ್ಳೇದಲ್ಲ ಅಂತೆ" ಅಂದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಅವು ಬಂದ್ರೇನೇ ನಂಗೆ ಬೆಳಗಾಗೋದು ಮಗಳೆ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಅವತ್ತು ಟೀ ಕುಡಿದು ವಾಪಸ್ ಬಂದೆ.

ಎರಡನೇ ಸಲ ಹೋದಾಗ ವಿಷಯ ತಿಳ್ಕೊಂಡು ಹೋದೆ, ಗಿಡಕ್ಕಿಂತ ಜಿಂಕೆ ಪರವಾಗಿಯೇ ಮಾತಾಡ್ದೆ. ಸೊಪ್ಪು ತಿನ್ನೋ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ರೆ ಒಳಗಿನ ಸೂಕ್ಷ್ಮಜೀವಿಗಳ ಲೆಕ್ಕಾಚಾರ ತಪ್ಪಿ ಹುಳಿ ಹೆಚ್ಚಾಗುತ್ತೆ, ಜಾಸ್ತಿ ಆದ್ರೆ ಜಿಂಕೆ ಸತ್ತೇ ಹೋಗುತ್ತೆ, ಹೊಟ್ಟೆ ತುಂಬಿದ್ದಂತೆ ಕಂಡ್ರೂ. ಹತ್ತು ಜಿಂಕೆ ಒಂದೇ ಬೋಗುಣಿಗೆ ಬಾಯಿ ಹಾಕಿದ್ರೆ ಒಂದರ ರೋಗ ಎಲ್ಲಕ್ಕೂ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಒಂದು ಕಾಯಿಲೆ ಇದೆ, 1967ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡಿದ್ದು, 2016ರಲ್ಲಿ ನಾರ್ವೆ ಹಿಮಸಾರಂಗದಲ್ಲೂ ಸಿಕ್ತು, ಮೆದುಳು ಹಾಳಾಗಿ ಪ್ರಾಣಿ ಒಣಗಿ ಒಣಗಿ ಸಾಯುತ್ತೆ, ಔಷಧ ಇಲ್ಲ, ಜೊಲ್ಲು ಮೂತ್ರದಿಂದ ಹರಡುತ್ತೆ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಆ ಕಾಯಿಲೆ ಇರೋ ಎಷ್ಟೋ ಕಡೆ ಜಿಂಕೆಗೆ ತಿನ್ನಿಸೋದನ್ನೇ ನಿಷೇಧ ಮಾಡಿದ್ದಾರೆ. ನಮ್ಮಲ್ಲಿ ಆ ಕಾಯಿಲೆ ಇದೆ ಅಂತ ನಾನು ಹೇಳ್ಲಿಲ್ಲ, ಒಂದೇ ಬೋಗುಣಿ ಅಂದ್ರೆ ಏನು ಅಂತ ತಿಳೀಲಿ ಅಂತ ಹೇಳಿದ್ದು. ಜೊತೆಗೆ, ಅವು ಮನುಷ್ಯರ ಭಯ ಬಿಟ್ಟು ರಸ್ತೆ ದಾಟೋಕೆ ಶುರು ಮಾಡಿವೆ, ಹಿಂದಿನ ತಿಂಗಳು ತಿರುವಿನಲ್ಲಿ ಒಂದು ಕಾರಿಗೆ ಸಿಕ್ಕಿತ್ತು, ಅದು ಅವರಿಗೂ ಗೊತ್ತಿತ್ತು. ಅದೇ ಅವರಿಗೆ ಜಾಸ್ತಿ ನಾಟಿದ್ದು.

ಜೋಳ ಒಂದೇ ದಿನಕ್ಕೆ ನಿಲ್ಲಿಸ್ಲಿಲ್ಲ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ನಿಲ್ಲಿಸಿದ್ರು. ನನಗೆ ಸಮಾಧಾನ ಆಗಿದ್ದು ಅದರ ಜೊತೆಗೆ ನಡೆದ ಇನ್ನೊಂದು ವಿಷಯಕ್ಕೆ. ಬೆಳಿಗ್ಗೆ ಎದ್ದು ನೋಡೋದಂತೂ ಅವರು ಬಿಡಲ್ಲ, ಹಾಗಾದ್ರೆ ನಮಗೋಸ್ಕರ ಬರೆದಿಡ್ತೀರಾ ಅಂಕಲ್ ಅಂತ ಕೇಳ್ದೆ. ಒಂದು ಉದ್ದ ನೋಟ್‌ಬುಕ್ ತಗೊಂಡು ಗೆರೆ ಎಳೆದು ದಿನಾಂಕ, ಹೊತ್ತು, ಎಷ್ಟು ಜಿಂಕೆ, ಯಾವ ಕಡೆಯಿಂದ, ಎಲ್ಲಿಗೆ ಅಂತ ಬರೆಯೋಕೆ ಶುರು ಮಾಡಿದ್ರು. ಜಿಂಕೆ ಹೆಚ್ಚಾಗಿ ಓಡಾಡೋದು ನಸುಕಲ್ಲಿ, ಮುಸ್ಸಂಜೆಲಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನಮ್ಮ ಬೀದಿಲಿ ಎಷ್ಟು ಗಂಟೆಗೆ, ಯಾವ ಮೂಲೆಗೆ ಅನ್ನೋದು ಆ ನೋಟ್‌ಬುಕ್ಕಿಂದಲೇ ಗೊತ್ತಾಗಿದ್ದು, ಆಮೇಲಿನ ಎಲ್ಲ ಕೆಲಸಕ್ಕೂ ಅದೇ ಆಧಾರ.

ಬೇಲಿ ವಿಷಯಕ್ಕೆ ಬರೋಣ, ಇದರಲ್ಲಿ ನಾವು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಬಿಳಿ ಬಾಲದ ಜಿಂಕೆಯಂಥವು ಮನಸ್ಸು ಮಾಡಿದ್ರೆ ಏಳೆಂಟು ಅಡಿ ಹಾರ್ತವೆ, ಅದಕ್ಕೇ ಪೂರ್ತಿ ತಡೀಬೇಕು ಅಂದ್ರೆ 8 ಅಡಿ ಬೇಲಿ ಅಂತ ಹೇಳೋದು. ಮನೆಗಳ ಮಧ್ಯ ಸುತ್ತಲೂ 8 ಅಡಿ ಅಂದ್ರೆ ಜೈಲು ಥರ ಕಾಣುತ್ತೆ, ಎಷ್ಟೋ ಕಡೆ ಮನೆ ಬೇಲಿ ಇಷ್ಟೇ ಎತ್ತರ ಇರ್ಬೇಕು ಅಂತ ನಿಯಮ ಬೇರೆ ಇರುತ್ತೆ, ಕಟ್ಟೋ ಮುಂಚೆ ಅದನ್ನ ಕೇಳ್ಕೊಳ್ಳಿ. ನಾವು ಮಾಡಿದ್ದು ತರಕಾರಿ ಮಡಿಗೆ ಮಾತ್ರ, ಅದೂ ಎರಡು ಸುತ್ತು. ಒಳಗೊಂದು ನಾಲ್ಕಡಿ ಬೇಲಿ, ಅದರಿಂದ ನಾಲ್ಕಡಿ ಬಿಟ್ಟು ಹೊರಗೆ ಇನ್ನೊಂದು ನಾಲ್ಕಡಿ ಬೇಲಿ. ಜಿಂಕೆ ಎತ್ತರ ಹಾರುತ್ತೆ, ದೂರಾನೂ ಹಾರುತ್ತೆ, ಎರಡೂ ಒಟ್ಟಿಗೆ ಹಾರೋದು ಅದಕ್ಕೆ ಕಷ್ಟ. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರೋದ್ರಿಂದ ಹಿಂದೆ ಮುಂದೆ ಎಲ್ಲ ಸುಮಾರು 300 ಡಿಗ್ರಿ ಕಾಣುತ್ತೆ, ಆದ್ರೆ ಎದುರುಗಡೆ ಎರಡನೇ ಬೇಲಿ ಎಷ್ಟು ದೂರ ಇದೆ ಅನ್ನೋ ಅಂದಾಜು ಸಿಗೋದು ಕಷ್ಟ, ಆ ಇಕ್ಕಟ್ಟಿನ ಮಧ್ಯ ಇಳಿದ್ರೆ ಮತ್ತೆ ಓಡಿ ಹಾರೋಕೆ ಜಾಗ ಇಲ್ಲ ಅಂತ ಅವು ಇಳಿಯೋಕೇ ಹೋಗಲ್ಲ. ಕೆಳಗಡೆ ಮೆಶ್ಶನ್ನ ನೆಲಕ್ಕೆ ಗೂಟ ಹೊಡೆದು ಬಿಗಿದ್ವಿ, ಹಳ್ಳದ ಮೂಲೆಯ ಸಂದಿಗೆ ಕಲ್ಲು ತುಂಬಿ ಮುಚ್ಚಿದ್ವಿ. ಮೊದಲ ಎರಡು ವಾರ ಬೇಲಿ ಮೇಲೆ ಬಿಳಿ ಬಟ್ಟೆ ಚೂರು ಕಟ್ಟಿದ್ವಿ, ಕಣ್ಣಿಗೆ ಕಾಣದ ಮೆಶ್ಶಿಗೆ ಕತ್ತಲಲ್ಲಿ ಬಂದು ಗುದ್ದಿಕೊಳ್ಳದೆ ಇರ್ಲಿ ಅಂತ. ಕೆಂಪು ಬಟ್ಟೆ ಕಟ್ಬೇಡಿ, ಜಿಂಕೆಗೆ ಕೆಂಪು ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ.

ಈ ಬೇಲಿ ಒಂದೇ ಸಲ ಸೋತಿದ್ದು, ಅದೂ ಗೇಟ್ ಚಿಲಕ ಹಾಕೋದು ಮರೆತ ರಾತ್ರಿ. ಒಂದೇ ರಾತ್ರಿ, ಬೀನ್ಸ್ ಬಳ್ಳಿ ಪೂರ್ತಿ ಹೋಯ್ತು. ಆಮೇಲೆ ಗೇಟಿಗೆ ಸ್ಪ್ರಿಂಗ್ ಹಾಕ್ಸಿದ್ವಿ, ಕೈ ಬಿಟ್ರೆ ತಾನೇ ಮುಚ್ಚಿಕೊಳ್ಳುತ್ತೆ.

ಬೇಲಿ ಹೊರಗಿನ ಗಿಡಗಳಿಗೆ ಸ್ಪ್ರೇ. ಅಂಗಡೀಲಿ ಸಿಗೋ ಒಳ್ಳೇ ಜಿಂಕೆ ಸ್ಪ್ರೇಗಳಲ್ಲಿ ಬಹಳಷ್ಟರಲ್ಲಿ ಇರೋದು ಕೊಳೆತ ಮೊಟ್ಟೆಯ ಅಂಶ, ಹೋಲಿಸಿ ನೋಡಿದಾಗ ಹೆಚ್ಚಾಗಿ ಬರೀ ಖಾರ ಅಥವಾ ಕಹಿ ಇರೋದಕ್ಕಿಂತ ಇದೇ ಮುಂದೆ ಬರುತ್ತೆ, ಯಾಕಂದ್ರೆ ಕೊಳೆತ ಪ್ರಾಣಿಯ ವಾಸನೆ ಅಂದ್ರೆ ಸಸ್ಯಾಹಾರಿಗೆ ಹತ್ರ ಬೇಟೆಗಾರ ಇದ್ದಾನೆ ಅನ್ನೋ ಸೂಚನೆ, ತಿಂದು ರುಚಿ ನೋಡೋಕೂ ಮುಂಚೆ ಮೂಗಿಗೇ ಬೇಡ ಅನಿಸುತ್ತೆ. ನಾವು ಮನೇಲೇ ಮಾಡ್ಕೊತೀವಿ, ಮೊಟ್ಟೆ ಒಂದು ಪಾಲು ಇದ್ರೆ ನೀರು ನಾಲ್ಕು ಪಾಲು, ಚೆನ್ನಾಗಿ ಕಡೆದು, ತೆಳು ಬಟ್ಟೇಲಿ ಸೋಸಲೇಬೇಕು, ಇಲ್ಲಾಂದ್ರೆ ಸ್ಪ್ರೇಯರ್ ಮೂತಿ ಕಟ್ಕೊಳ್ಳುತ್ತೆ, ಒಂದೆರಡು ದಿನ ಹೊರಗಿಟ್ಟು ಆಮೇಲೆ ಒಣ ದಿನ ನೋಡಿ ಎಲೆ ಮೇಲೆ ಹೊಡೆಯೋದು. ಒಣಗಿದ ಮೇಲೆ ನಮ್ಮ ಮೂಗಿಗೆ ಗೊತ್ತಾಗಲ್ಲ, ಜಿಂಕೆಗೆ ಗೊತ್ತಾಗುತ್ತೆ. ತಿನ್ನೋ ತರಕಾರಿ ಸೊಪ್ಪಿಗೆ ಮಾತ್ರ ಹೊಡೀಬೇಡಿ. ಮೊದಲು ನಾವು ಒಂದ್ಸಲ ಹೊಡೆದು ಬಿಟ್ಟಿದ್ವಿ ಅಂದ್ನಲ್ಲ, ಅದು ಯಾಕೆ ಸೋತಿತು ಅಂದ್ರೆ ಸ್ಪ್ರೇ ಬಿದ್ದಿರೋದು ಅವತ್ತಿದ್ದ ಎಲೆ ಮೇಲೆ, ಆಮೇಲೆ ಬಂದ ಚಿಗುರಿಗೆ ಏನೂ ಇಲ್ಲ, ಜಿಂಕೆ ತಿನ್ನೋದೇ ಆ ಚಿಗುರು. ಈಗ ಚಿಗುರು ಜೋರಾಗಿ ಬರೋ ಕಾಲದಲ್ಲಿ 10-12 ದಿನಕ್ಕೊಮ್ಮೆ, ಬೇರೆ ಸಮಯದಲ್ಲಿ ತಿಂಗಳಿಗೊಮ್ಮೆ, ಜೋರು ಮಳೆ ಬಂದ್ರೆ ಮಳೆ ನಿಂತ ಮರುದಿನ. ಮೊಗ್ಗು ಬರೋಕೂ ಮುಂಚೆನೇ ಶುರು ಮಾಡೋದು, ಒಂದ್ಸಲ ರುಚಿ ಸಿಕ್ಕಿ ಅಭ್ಯಾಸ ಆದ್ಮೇಲೆ ಬಿಡ್ಸೋದು ಎರಡರಷ್ಟು ಕೆಲಸ.

ನೀರು ಚಿಮ್ಮೋ ಸೆನ್ಸರ್ ಸ್ಪ್ರಿಂಕ್ಲರ್ ಒಂದಿದೆ, ಗುಲಾಬಿ ಪಕ್ಕ. ಅದು ಕೆಲಸ ಮಾಡುತ್ತೆ, ಆದ್ರೆ ವಾರಕ್ಕೊಮ್ಮೆ ಜಾಗ ಬದಲಾಯಿಸ್ಬೇಕು.

ಗಿಡಗಳ ಜಾಗವನ್ನೂ ಬದಲಾಯಿಸಿದ್ವಿ, ಇದಕ್ಕೆ ಒಂದು ಪೂರ್ತಿ ಹಂಗಾಮು ಹಿಡೀತು. ಬೇಲಿ ಉದ್ದಕ್ಕೂ ಇದ್ದ ದಾಸವಾಳ ಮನೆ ಗೋಡೆ ಹತ್ರ ಬಂತು, ಅದರ ಜಾಗದಲ್ಲಿ ಲ್ಯಾವೆಂಡರ್, ರೋಸ್‌ಮೆರಿ, ಜರೀಗಿಡ, ನಿತ್ಯಪುಷ್ಪ. ಘಾಟು ವಾಸನೆ ಇರೋದು, ಎಲೆ ಮೇಲೆ ರೋಮ ಇರೋದು, ವಿಷ ಇರೋದು, ಇವನ್ನ ಜಿಂಕೆ ಸಾಮಾನ್ಯವಾಗಿ ಮುಟ್ಟಲ್ಲ. ಕಣಗಿಲೆ ಹಾಕಿ ಅಂತ ಒಬ್ರು ಹೇಳಿದ್ರು, ಜಿಂಕೆ ತಿನ್ನಲ್ಲ ನಿಜ, ಆದ್ರೆ ಅದರ ಎಲ್ಲ ಭಾಗನೂ ವಿಷ, ಪಕ್ಕದ ಮನೇಲಿ ಎರಡು ವರ್ಷದ ಮಗು ಇದೆ, ನಾವು ಹಾಕ್ಲಿಲ್ಲ. ನಿತ್ಯಪುಷ್ಪದಲ್ಲೂ ವಿಷ ಇದೆ, ಅದಕ್ಕೇ ಅದನ್ನ ಹಳ್ಳದ ಕಡೆ ತುದೀಲಿ ಇಟ್ವಿ. ಲಂಟಾನ ಬಗ್ಗೆನೂ ಹೇಳ್ತಾರೆ, ಅದು ಕಾಡಿಗೆ ನುಗ್ಗಿ ಹಬ್ಬಿ ಕಾಡಲ್ಲಿ ಜಿಂಕೆಗೆ ಮೇವೇ ಇಲ್ಲದ ಹಾಗೆ ಮಾಡುತ್ತೆ, ಅದನ್ನ ಬೇಲಿಗೆ ತರೋದು ನನ್ನ ಮನಸ್ಸು ಒಪ್ಪಲ್ಲ. ಒಂದು ಮಾತು, ಹಸಿವು ಜೋರಾದಾಗ ಜಿಂಕೆ ತಿನ್ನದ ಗಿಡ ಅಂತ ಯಾವುದೂ ಇಲ್ಲ. ಒಂದು ಒಣ ತಿಂಗಳಲ್ಲಿ ರೋಸ್‌ಮೆರಿನೂ ಕಡಿದು ನೋಡಿದ್ವು. ಸೂರ್ಯಕಾಂತಿ ಸಾಲು ನಾವು ಬಿಟ್ಟೇ ಬಿಟ್ವಿ, ಅಷ್ಟು ಎತ್ತರದ್ದನ್ನ ಕಾಯೋಕಾಗಲ್ಲ. ಎಲ್ಲವನ್ನೂ ಉಳಿಸ್ತೀನಿ ಅಂತ ಹೊರಟಾಗ ಯಾವುದೂ ಉಳೀಲಿಲ್ಲ, ಇದು ಬೇಕೇ ಬೇಕು ಅಂತ ಗುಲಾಬಿ, ತರಕಾರಿ, ಎರಡು ಮರ ಅಂತ ಆರಿಸ್ಕೊಂಡ ಮೇಲೆ ಅವು ಮೂರೂ ಉಳಿದ್ವು.

ಮಧ್ಯ ಒಂದು ದಿನ ಜರೀಗಿಡದ ಕೆಳಗೆ ಮರಿ ಸಿಕ್ತು. ಮೈಮೇಲೆಲ್ಲ ಬಿಳಿ ಚುಕ್ಕೆ, ಕಾಲು ಮಡಚಿ ಕುತ್ತಿಗೆ ನೆಲಕ್ಕೆ ಒತ್ತಿ ಮಲಗಿದೆ, ಉಸಿರಾಡೋದು ಪಕ್ಕೆಲುಬಿನ ಹತ್ರ ಮಾತ್ರ ಕಾಣ್ತಿತ್ತು, ಮೂಗಿನ ಮೇಲೆ ಒಂದು ಇರುವೆ ಹರಿದಾಡಿದ್ರೂ ಅಲುಗಾಡ್ಲಿಲ್ಲ. ಪಕ್ಕದ ಮನೆ ಅಕ್ಕ ಪಾಪ ತಾಯಿ ಬಿಟ್ಟು ಹೋಗಿದೆ, ಹಾಲು ಕುಡಿಸೋಣ ಅಂತ ಬಟ್ಟಲು ತಂದೇ ಬಿಟ್ರು. ಬೇಡ ಅಕ್ಕ ಅಂತ ತಡೆದೆ. ತಾಯಿ ಬಿಟ್ಟು ಹೋಗಿರಲ್ಲ, ಬೇಟೆಗಾರ ಪ್ರಾಣಿಗೆ ತನ್ನ ವಾಸನೆಯಿಂದ ಮರಿ ಇರೋ ಜಾಗ ಗೊತ್ತಾಗ್ಬಾರ್ದು ಅಂತ ಮರಿನ ಅಡಗಿಸಿ ಮೇಯೋಕೆ ಹೋಗುತ್ತೆ, ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತೆ. ಮುಟ್ಟೋದೂ ಬೇಡ, ಎತ್ತೋದೂ ಬೇಡ, ನಾಯಿನ ಒಳಗೆ ಕಟ್ಟಿ ಹಾಕೋದು ಅಷ್ಟೆ ನಮ್ಮ ಕೆಲಸ. ಅವತ್ತು ಹಿಂದಿನ ಬಾಗಿಲು ತೆಗೀಲೇ ಇಲ್ಲ. ಮುಸ್ಸಂಜೆ ಆಗ್ತಾ ಇದ್ದ ಹಾಗೆ ತಾಯಿ ಬಂತು, ಮರಿ ತತ್ತರಿಸ್ತಾ ಎದ್ದು ಬಾಲ ಅಲ್ಲಾಡಿಸ್ತಾ ಹಾಲು ಕುಡೀತು, ಅಕ್ಕ ಕಿಟಕಿ ಹತ್ರ ನನ್ನ ಪಕ್ಕ ನಿಂತು ಕಣ್ಣು ಒರೆಸ್ಕೊಂಡ್ರು. ಆಮೇಲೆ ಬೀದಿಲಿ ಜಿಂಕೆ ವಿಷಯಕ್ಕೆ ಎಲ್ಲರನ್ನೂ ಒಪ್ಪಿಸಿದ್ದು ಅವರೇ, ನನ್ನಿಂದ ಆಗಿದ್ದಕ್ಕಿಂತ ಜಾಸ್ತಿ. ಯಾರೂ ತಿನ್ನೋಕೆ ಹಾಕ್ಬಾರ್ದು, ಉದುರಿದ ಹಣ್ಣು ಅವತ್ತೇ ಎತ್ಬೇಕು, ಹಕ್ಕಿ ಕಾಳಿನ ತಟ್ಟೆ ಎತ್ತರದಲ್ಲಿ ನೇತು ಹಾಕ್ಬೇಕು, ಇಷ್ಟಕ್ಕೆ 14ರಲ್ಲಿ 12 ಮನೆ ಒಪ್ಪಿದ್ರು.

ಜಿಂಕೆ ಓಡಾಡೋ ಹುಲ್ಲಲ್ಲಿ ಉಣ್ಣೆಹುಳ ಇರುತ್ತೆ, ತೋಟದ ಕೆಲಸ ಮುಗಿಸಿ ಮೊಣಕಾಲು ಹಿಂಭಾಗ, ಸೊಂಟ, ಕಿವಿ ಹಿಂದೆ ನೋಡ್ಕೊಳ್ಳೋದು ಅಭ್ಯಾಸ ಮಾಡ್ಕೊಂಡಿದೀವಿ. ಕೆಲವು ದೇಶಗಳಲ್ಲಿ ಲೈಮ್ ಕಾಯಿಲೆ ಬರೋದು ಉಣ್ಣೆ ಕಚ್ಚೋದ್ರಿಂದ, ಅಂಥ ಕಡೆ ಇರೋರು ಇದನ್ನ ಬಿಡಲೇಬಾರ್ದು.

ಈಗಿನ ಸ್ಥಿತಿ. ಈ ಹಂಗಾಮಿನಲ್ಲಿ 9 ಗುಲಾಬಿಲಿ 8 ಹೂ ಬಿಟ್ವು, ಒಂದನ್ನ ಮಳೆ ವಾರದಲ್ಲಿ ಸ್ಪ್ರೇ ತಪ್ಪಿದಾಗ ತಿಂದ್ವು. ಬೀನ್ಸ್ ಪೂರ್ತಿ ಸಿಕ್ತು. ಉಜ್ಜಿಸ್ಕೊಂಡ ಮರ ಗಾಯದ ಎರಡೂ ಅಂಚಿಂದ ಹೊಸ ತೊಗಟೆ ಮಡಚಿಕೊಂಡು ಬರ್ತಿದೆ, ನಿಧಾನ, ಆದ್ರೆ ಬರ್ತಿದೆ. ಗೋಡೆ ಹತ್ರ ತಂದಿದ್ದ ದಾಸವಾಳದಲ್ಲಿ ಎರಡು ಬೇರು ಹಿಡೀದೆ ಹೋಯ್ತು, ಅದಕ್ಕೆ ಜಿಂಕೆ ಕಾರಣ ಅಲ್ಲ, ನಾವು ಕಿತ್ತ ಕಾಲ ಸರಿ ಇರ್ಲಿಲ್ಲ. ಒಪ್ಪದೆ ಇರೋ ಎರಡು ಮನೆಯವರಲ್ಲಿ ಒಬ್ರು ಇನ್ನೂ ಸೇಬಿನ ಸಿಪ್ಪೆ ಹೊರಗೆ ಹಾಕ್ತಾರೆ, ಮಾತಾಡ್ತಿದೀವಿ.

ಮೊನ್ನೆ ಅಂಕಲ್ ನೋಟ್‌ಬುಕ್ ಕೊಟ್ರು, ಎರಡನೇದು ಶುರುವಾಗಿದೆ. ಮೊದಲ ಪುಟಗಳಲ್ಲಿ ದಿನಾ ಐದು, ಏಳು ಅಂತ ಇತ್ತು, "ಎಲ್ಲಿಗೆ" ಅನ್ನೋ ಸಾಲಲ್ಲಿ ಪೂರ್ತಿ ನಮ್ಮ ಮನೆ, ಅವರ ಮನೆ. ಕೊನೇ ಪುಟದಲ್ಲಿ ಬರೆದಿದ್ದು: ಬೆಳಿಗ್ಗೆ 5:50, ತಾಯಿ ಒಂದು ಮರಿ ಒಂದು, ಹಳ್ಳದ ಆಚೆ ದಡದಲ್ಲೇ ಮೇಯ್ತಾ ಇದ್ವು, ಮರಿ ಮೈಮೇಲಿನ ಚುಕ್ಕೆ ಮಾಸ್ತಾ ಇದೆ.